ಸೊಟ್ಟ ಬಂದ ಟ್ರೇನ್ ವಿಡಿಯೋ ನೆಟ್ಟಗೆ ಮಾಡೋಕೆ ಫೋನ್ ಸಾಕಾ, ಲ್ಯಾಪ್‌ಟಾಪ್ ಬೇಕಾ?

ಮುಂಬೈ, ಪುಣೆ ಕಡೆ ಇರೋ ನಮ್ಮ ಜನದ ಫೋನ್ ತೆಗೆದು ನೋಡಿದ್ರೆ ಒಂದಲ್ಲ ಒಂದು ಟ್ರೇನ್ ವಿಡಿಯೋ ಇದ್ದೇ ಇರತ್ತೆ. ಠಾಣೆ ಪ್ಲಾಟ್‌ಫಾರ್ಮಿಗೆ ಮತ್ಸ್ಯಗಂಧ ಬರೋದು, ಸಿಎಸ್‌ಎಂಟಿಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹೊರಡೋವಾಗ ಕಿಟಕಿಯಿಂದ ಕೈ ಬೀಸೋ ಅತ್ತೆ, ಖಂಡಾಲಾ ಘಾಟಿಯ ಸುರಂಗ, ದೂಧ್‌ಸಾಗರ ಜಲಪಾತದ ಹತ್ರ ಬಾಗಿಲಲ್ಲಿ ಮುಗಿಬಿದ್ದವರ ತಲೆಗಳ ಮಧ್ಯೆ ಕಂಡಷ್ಟು ನೀರು. ಅದ್ರಲ್ಲಿ ಮುಕ್ಕಾಲು ಪಾಲು ಒಂದು ಕಡೆ ವಾಲಿರತ್ತೆ, ಯಾಕಂದ್ರೆ ಒಂದು ಕೈಯಲ್ಲಿ ಬ್ಯಾಗು ಇನ್ನೊಂದು ಕೈಯಲ್ಲಿ ಫೋನು, ಜೊತೆಗೆ ಹಿಂದಿನಿಂದ ಜನ ತಳ್ತಾ ಇರ್ತಾರೆ, ಅಲ್ಲಿ ಗ್ರಿಡ್ ಲೈನ್ ನೋಡ್ಕೊಂಡು ಕೂರೋಕೆ ಯಾರಿಗೆ ಪುರುಸೊತ್ತು.

ಆಮೇಲೆ ಎಲ್ರೂ ಕೇಳೋದು ಒಂದೇ, ಯಾವ ಆಪ್ ಒಳ್ಳೇದು ಅಂತ. ನನ್ನ ಪ್ರಕಾರ ಆ ಪ್ರಶ್ನೆ ಎರಡನೇದು. ಮೊದಲು ನಿಮ್ಮ ವಿಡಿಯೋ ಯಾವ ತರ ಸೊಟ್ಟ ಆಗಿದೆ ಅಂತ ನೋಡಿ, ಅರ್ಧ ಉತ್ತರ ಅಲ್ಲೇ ಸಿಗತ್ತೆ. ಕೆಲವಕ್ಕೆ ಫೋನಿನ ಗ್ಯಾಲರಿನೇ ಸಾಕು, ಕೆಲವಕ್ಕೆ ಎಷ್ಟು ದುಡ್ಡಿನ ಸಾಫ್ಟ್‌ವೇರ್ ತಂದ್ರೂ ಪ್ರಯೋಜನ ಇಲ್ಲ, ಇನ್ನು ಕೆಲವನ್ನ ಮುಟ್ಟಲೇಬಾರದು.

ಯಾವ ಸೊಟ್ಟ ನಿಮ್ದು?

ಪೂರ್ತಿ ಅಡ್ಡ ಬಿದ್ದಿರೋದು ಎಲ್ಲಕ್ಕಿಂತ ಸುಲಭ. ಫೋನ್ ತಿರುಗಿಸೋ ಮುಂಚೆನೇ ರೆಕಾರ್ಡ್ ಒತ್ತಿದ್ರೆ ಹಂಗಾಗತ್ತೆ, ಇಂಜಿನ್ ಕೆಳಗಿಂದ ಮೇಲಕ್ಕೆ ಹೋಗ್ತಾ ಇರತ್ತೆ. ಇದು 90 ಡಿಗ್ರಿ ಲೆಕ್ಕ, ಫೈಲಿನೊಳಗೆ ಯಾವ ಕಡೆ ತಿರುಗಿಸಿ ತೋರಿಸ್ಬೇಕು ಅಂತ ಒಂದು ಗುರುತು ಇರತ್ತೆ, ಅದನ್ನ ಬದಲಾಯಿಸಿದ್ರೆ ಮುಗೀತು, ಚಿತ್ರದ ಒಂದು ಪಿಕ್ಸೆಲ್ಲೂ ಕೆಡಲ್ಲ. ಲಾಸ್‌ಲೆಸ್‌ಕಟ್ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಅದು ಇದನ್ನೇ ಮಾಡತ್ತೆ, ದೊಡ್ಡ ಫೈಲ್ ಆದ್ರೂ ಸರ್ರಂತ ಆಗೋಗತ್ತೆ. ವಿಎಲ್‌ಸಿಯಲ್ಲಿ ತಿರುಗಿಸಿ ನೋಡಿ ಸರಿ ಆಯ್ತು ಅನ್ಕೊಳ್ಳೋರು ಬಹಳ ಜನ, ಆದ್ರೆ ಅದು ಬರೀ ನಿಮ್ಮ ಸ್ಕ್ರೀನಿಗೆ ಮಾಡಿದ ಉಪಕಾರ, ವಾಟ್ಸಾಪಲ್ಲಿ ಊರಿಗೆ ಕಳಿಸಿದ್ರೆ ಅಲ್ಲಿ ಮತ್ತೆ ಅಡ್ಡಾನೇ ಬೀಳತ್ತೆ.

ಎರಡನೇದು ಮೊದಲಿಂದ ಕೊನೆ ತನಕ ಒಂದೇ ಅಳತೆಗೆ ವಾಲಿರೋದು. ಫೋನನ್ನ ಬೆಂಚ್ ಮೇಲೋ ಬ್ಯಾಗ್ ಮೇಲೋ ಒರಗಿಸಿ ಇಟ್ಟಾಗ, ಇಲ್ಲಾ ಕಿಟಕಿ ಸರಳಿಗೆ ಒತ್ತಿ ಹಿಡಿದಾಗ ಹೀಗೆ ಬರತ್ತೆ. ಮೂರನೇದು ಹೋಗ್ತಾ ಹೋಗ್ತಾ ಜಾಸ್ತಿ ಆಗೋ ಸೊಟ್ಟ. ಪ್ಲಾಟ್‌ಫಾರ್ಮಲ್ಲಿ ನಿಂತು ಬರೋ ಟ್ರೇನನ್ನ ಫೋನಲ್ಲಿ ಹಿಂಬಾಲಿಸಿದಾಗ ಇದು ಬಂದೇ ಬರತ್ತೆ, ಸೊಂಟ ತಿರುಗತ್ತೆ, ಕಾಲು ತಿರುಗಲ್ಲ, ಮೊಣಕೈ ಇಳಿಯತ್ತೆ, ಇಂಜಿನ್ ಬಂದಾಗ ನೆಟ್ಟಗಿದ್ದ ಚಿತ್ರ ಗಾರ್ಡ್ ಬೋಗಿ ಹೋಗೋ ಹೊತ್ತಿಗೆ ನಾಲ್ಕು ಡಿಗ್ರಿ ಓರೆ. ಮನೆಯಲ್ಲಿ ತೆಗೆದ ಟ್ರೇನ್ ವಿಡಿಯೋಗಳಲ್ಲಿ ಇದೇ ಜಾಸ್ತಿ, ಮತ್ತೆ ಫೋನ್ ಆಪ್‌ಗಳು ಸೋಲೋದೂ ಇಲ್ಲೇ.

ನಾಲ್ಕನೇದರಲ್ಲಿ ನಿಮ್ಮ ಕೈ ಸರಿಯಾಗೇ ಇತ್ತು, ವಾಲಿದ್ದು ಟ್ರೇನೇ. ತಿರುವಲ್ಲಿ ಹೊರಗಡೆ ಹಳಿನ ಒಳಗಡೆದಕ್ಕಿಂತ ಎತ್ತರಕ್ಕೆ ಇಟ್ಟಿರ್ತಾರೆ, ನಮ್ಮ ಬ್ರಾಡ್ ಗೇಜ್ ಮುಖ್ಯ ಲೈನುಗಳಲ್ಲಿ ಅದು ಸಾಮಾನ್ಯವಾಗಿ 165 ಮಿಲಿಮೀಟರ್ ತನಕ ಇರಬಹುದು. ಹಳಿಗಳ ನಡುವೆ ಅಂತರ 1676 ಮಿಲಿಮೀಟರ್, ಲೆಕ್ಕ ಹಾಕಿದ್ರೆ ಬೋಗಿ ಐದು ಡಿಗ್ರಿಗಿಂತ ಸ್ವಲ್ಪ ಜಾಸ್ತಿನೇ ವಾಲತ್ತೆ. ಒಳಗೆ ಕೂತ ನಮಗೆ ಅದು ಅಷ್ಟಾಗಿ ಗೊತ್ತಾಗಲ್ಲ, ತಿರುವಿಗೆ ಹೊಂದೋ ಸ್ಪೀಡಲ್ಲಿ ಹೋದ್ರೆ ನಮ್ಮ ಭಾರ ನೆಟ್ಟಗೆ ಬೋಗಿಯ ನೆಲದ ಕಡೆಗೇ ಬೀಳತ್ತೆ, ಟೀ ಚೆಲ್ಲಲ್ಲ. ಕ್ಯಾಮೆರಾ ನೆಟ್ಟಗಿದ್ಯಾ ಅಂತ ತೋರಿಸೋ ಫೋನಿನ ಲೆವೆಲ್ ಗೆರೆಗೂ ಇದೇ ಗತಿ, ಅದೂ ಬೋಗಿನೇ ನೆಟ್ಟಗಿದೆ ಅಂತ ನಂಬ್ಕೊಂಡು ಹಸಿರು ತೋರಿಸ್ತಾ ಇರತ್ತೆ, ಹೊರಗಡೆ ತೆಂಗಿನ ತೋಟ ಮಾತ್ರ ಇಳಿಜಾರಲ್ಲಿ ಬೆಳೆದ ಹಾಗೆ ಕಾಣತ್ತೆ. ಇಂಥ ಕ್ಲಿಪ್‌ನಲ್ಲಿ ಕಿಟಕಿಯ ಚೌಕಟ್ಟು ಕಾಣ್ತಾ ಇದ್ರೆ ಅದಕ್ಕೇ ಹೊಂದಿಸಿ, ಹೊರಗಿನ ಲೋಕ ವಾಲಿಕೊಂಡು ಇರಲಿ ಬಿಡಿ, ಪ್ರಯಾಣಿಕನ ಕಣ್ಣಿಗೆ ಕಂಡಿದ್ದೇ ಅದು. ಬಾಗಿಲ ಕಡೆಯಿಂದ ತೆಗೆದಿದ್ದರಲ್ಲಿ ಮುಂದಿನ ಬೋಗಿಗಳು ಸಾಲಾಗಿ ಒಳಮುಖ ವಾಲ್ಕೊಂಡು ತಿರುವು ಹಿಡಿಯೋದು ಕಂಡ್ರೆ ಅದನ್ನ ನೆಟ್ಟಗೆ ಮಾಡೋಕೆ ಹೋಗೋದು ಶುದ್ಧ ದಡ್ಡತನ, ಆ ಶಾಟಲ್ಲಿ ನೋಡೋಕೆ ಇರೋದೇ ಆ ವಾಲಿಕೆ. (ಬಾಗಿಲಿಂದ ಹೊರಗೆ ನೇತಾಡಿ ತೆಗೀಬೇಡಿ ಅಂತ ಬೇರೆ ಹೇಳ್ಬೇಕಾ? ದೂಧ್‌ಸಾಗರದಲ್ಲಿ ಹಳಿ ಮೇಲೆ ಇಳಿದು ನಡೆಯೋರಿಗಂತೂ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ (ಅಕ್ರಮ ಪ್ರವೇಶದ್ದು) ಇದೆ.)

ಇನ್ನೊಂದು ಇದೆ, ಅದು ಸೊಟ್ಟದ ವೇಷ ಹಾಕ್ಕೊಂಡು ಬರತ್ತೆ. ಓಡೋ ಟ್ರೇನಿನ ಕಿಟಕಿಯಿಂದ ತೆಗೆದಾಗ ಹತ್ತಿರದ ಕರೆಂಟ್ ಕಂಬಗಳು ಎಲ್ಲಾ ಒಂದೇ ಕಡೆ ಬಾಗಿ ಹೋಗ್ತವೆ, ದೂರದ ಬಿಲ್ಡಿಂಗ್ ಮಾತ್ರ ನೆಟ್ಟಗಿರತ್ತೆ. ಇದು ರೋಲಿಂಗ್ ಶಟರ್. ಸೆನ್ಸರ್ ಚಿತ್ರವನ್ನ ಮೇಲಿಂದ ಕೆಳಗೆ ಸಾಲು ಸಾಲಾಗಿ ಓದೋದು, ಓದಿ ಮುಗಿಸೋ ಹೊತ್ತಿಗೆ ಕಂಬ ಮುಂದೆ ಹೋಗಿರತ್ತೆ. ಹತ್ತಿರದ್ದು ಜಾಸ್ತಿ, ದೂರದ್ದು ಕಮ್ಮಿ ಬಾಗೋದ್ರಿಂದ ಇಡೀ ಚಿತ್ರ ತಿರುಗಿಸಿದ್ರೆ ಕಂಬ ಸರಿಹೋಗಿ ಬಿಲ್ಡಿಂಗ್ ಸೊಟ್ಟ ಆಗತ್ತೆ. ನನ್ನ ಕೇಳಿದ್ರೆ ಇದನ್ನ ಹಾಗೇ ಬಿಟ್ಬಿಡಿ, ಯಾರೂ ಗಮನಿಸಲ್ಲ.

ಯಾವುದನ್ನ ನೋಡಿ ನೆಟ್ಟಗೆ ಮಾಡೋದು?

ಆಪ್ ಯಾವುದೇ ಇರಲಿ, ಜನ ಇಲ್ಲೇ ಎಡವೋದು. ಟ್ರೇನ್ ವಿಡಿಯೋ ಅಂದ್ಮೇಲೆ ಹಳಿನೇ ಗೆರೆ ಅಂತ ಹಳಿನ ಅಡ್ಡಡ್ಡ ಸಮ ಮಾಡ್ತಾರೆ. ದೂರಕ್ಕೆ ಹೋಗೋ ಹಳಿ, ಪ್ಲಾಟ್‌ಫಾರ್ಮಿನ ಅಂಚು, ಬೋಗಿಯ ಕಿಟಕಿ ಸಾಲು, ಇವೆಲ್ಲಾ ಚಿತ್ರದಲ್ಲಿ ಓರೆಯಾಗೇ ಇರ್ಬೇಕು, ದೂರ ಹೋದ ಹಾಗೆ ಕೂಡಿಕೊಳ್ಳೋದು ಅವುಗಳ ಧರ್ಮ. ಸರಿ, ಪೂರ್ತಿ ಬದಿಯಿಂದ ತೆಗೆದಿದ್ರೆ? ಆಗ್ಲೂ ಘಾಟಿಯಲ್ಲಿ ಹುಷಾರು. ಕರ್ಜತ್‌ನಿಂದ ಲೋಣಾವಳ ಹತ್ತೋ ಭೋರ್ ಘಾಟ್ 37ಕ್ಕೆ 1ರ ಏರು, ಅಂದ್ರೆ 37 ಮೀಟರ್ ಮುಂದೆ ಹೋದ್ರೆ ಒಂದು ಮೀಟರ್ ಮೇಲೆ, ಹಿಂದಿನಿಂದ ಬ್ಯಾಂಕರ್ ಇಂಜಿನ್ ತಳ್ಳೋದು ಅದಕ್ಕೇ. ಗೋವಾ ಕಡೆ ಕುಲೆಂನಿಂದ ಕ್ಯಾಸಲ್ ರಾಕ್ ಹತ್ತೋ ಬ್ರಗಾಂಜಾ ಘಾಟಿಯದೂ ಅದೇ 37ಕ್ಕೆ 1. ಡಿಗ್ರಿಯಲ್ಲಿ ಅದು ಒಂದೂವರೆ. ಈ ಹಳಿನ ಸಮ ಮಾಡಿಬಿಟ್ರೆ ಜಲಪಾತ ಒಂದೂವರೆ ಡಿಗ್ರಿ ವಾಲತ್ತೆ, ಜೊತೆಗೆ ಟ್ರೇನ್ ಹತ್ತೋಕೆ ಪಡೋ ಕಷ್ಟನೂ ಮಾಯ, ಸಮತಟ್ಟಲ್ಲಿ ಹೋಗೋ ಟ್ರೇನಿಗೆ ಯಾಕೆ ಅಷ್ಟು ಇಂಜಿನ್ ಅಂತ ನೋಡಿದವರು ಕೇಳ್ತಾರೆ. ಕೊಂಕಣ ರೈಲ್ವೆಯಲ್ಲಿ ಮಾತ್ರ ಈ ಚಿಂತೆ ಇಲ್ಲ, ಅಲ್ಲಿ ಏರು 150ಕ್ಕೆ 1ರ ಮೇಲೆ ಇಟ್ಟಿಲ್ಲ, ಅರ್ಧ ಡಿಗ್ರಿನೂ ಇಲ್ಲ, ರತ್ನಾಗಿರಿ ಹತ್ರದ ಪಾನ್ವಲ್ ಸೇತುವೆನೋ ಜುವಾರಿ ಸೇತುವೆನೋ ಬದಿಯಿಂದ ತೆಗೆದಿದ್ರೆ ಹಳಿನ ಸಮ ಅಂತ ಹಿಡ್ಕೊಳ್ಳಬಹುದು.

ನಂಬೋಕೆ ಆಗೋದು ನಿಂತ ಗೆರೆಗಳನ್ನ. ಪ್ಲಾಟ್‌ಫಾರ್ಮ್ ಶೆಡ್ಡಿನ ಕಂಬ, ಬಿಲ್ಡಿಂಗಿನ ಮೂಲೆ, ಸಿಗ್ನಲ್ ಕಂಬ. ಅದೂ ಚಿತ್ರದ ಮಧ್ಯಭಾಗದಲ್ಲಿರೋದನ್ನೇ ಆರಿಸಿ, ಯಾಕಂದ್ರೆ ಫೋನ್ ಸ್ವಲ್ಪ ಮೇಲಕ್ಕೆ ಎತ್ತಿ ಹಿಡಿದಿದ್ರೆ ಅಂಚಿನ ಕಂಬಗಳು ಒಳಮುಖ ವಾಲ್ತವೆ, ವೈಡ್ ಲೆನ್ಸಲ್ಲಿ ಬಾಗೂ ಬಾಗ್ತವೆ. ಕೊಂಕಣದ ತೆಂಗಿನ ಮರನ ಮಾತ್ರ ಸಾಕ್ಷಿ ಕರೀಬೇಡಿ. ಮಳೆಗಾಲದ ಕ್ಲಿಪ್ ಆದ್ರೆ ಒಂದು ಒಳ್ಳೆ ಉಪಾಯ ಇದೆ, ನೀರು ನಿಂತ ಗದ್ದೆಯಲ್ಲಿ ಮರದ ತುದಿ ಮತ್ತು ನೀರೊಳಗೆ ಕಾಣೋ ಅದೇ ತುದಿಯ ಪ್ರತಿಬಿಂಬ, ಇವೆರಡನ್ನ ಸೇರಿಸೋ ಗೆರೆ ನೆಟ್ಟಗೆ ನಿಂತಿರ್ಬೇಕು, ಮರ ಎಷ್ಟೇ ಬಾಗಿರಲಿ. ನದಿಯ ಆಚೆ ದಡ ನೋಡೋಕೆ ಸಮ ಅನ್ಸತ್ತೆ, ಆದ್ರೆ ವಸಾಯಿ ಖಾಡಿ ದಾಟೋವಾಗ ಆ ದಡ ನಿಮ್ಮಿಂದ ಓರೆಯಾಗಿ ದೂರ ಹೋಗ್ತಿದ್ರೆ ಚಿತ್ರದಲ್ಲೂ ಓರೆಯಾಗೇ ಇರತ್ತೆ. ತೆರೆದ ಸಮುದ್ರದ ಅಂಚಾದ್ರೆ ಕಣ್ಮುಚ್ಚಿ ನಂಬಬಹುದು.

ತಿರುಗಿಸಿದ್ದಕ್ಕೆ ಎಷ್ಟು ಕಳ್ಕೋತೀರಿ

ಚೌಕಟ್ಟೊಳಗೆ ಚಿತ್ರ ತಿರುಗಿಸಿದ್ರೆ ನಾಲ್ಕು ಮೂಲೆಯಲ್ಲಿ ಕಪ್ಪು ತ್ರಿಕೋನ ಬರತ್ತೆ, ಅದನ್ನ ಮುಚ್ಚೋಕೆ ಝೂಮ್ ಮಾಡ್ಬೇಕು. ಈಗಿನ 16:9 ವಿಡಿಯೋಗೆ ಒಂದು ಡಿಗ್ರಿಗೆ ಹೆಚ್ಚುಕಮ್ಮಿ ಮೂರು ಪರ್ಸೆಂಟ್ ಝೂಮ್ ಅಂತ ನೆನಪಿಟ್ಕೊಳ್ಳಿ. 3 ಡಿಗ್ರಿಗೆ 9, 5 ಡಿಗ್ರಿಗೆ 15, 10 ಡಿಗ್ರಿಗೆ 29 ಪರ್ಸೆಂಟ್. ಉದ್ದುದ್ದ ತೆಗೆದ ರೀಲ್ ಸೈಜಿಗೂ ಇದೇ ಲೆಕ್ಕ. 4ಕೆಯಲ್ಲಿ ತೆಗೆದು 1080ಪಿಯಲ್ಲಿ ಎಕ್ಸ್‌ಪೋರ್ಟ್ ಮಾಡೋದಾದ್ರೆ ಹತ್ತು ಡಿಗ್ರಿ ತನಕ ಶಾರ್ಪ್‌ನೆಸ್ ಬಗ್ಗೆ ತಲೆನೇ ಕೆಡಿಸ್ಕೋಬೇಡಿ, ಪಿಕ್ಸೆಲ್ ಬೇಕಾದಷ್ಟಿದೆ. 1080ಪಿಯಲ್ಲೇ ತೆಗೆದಿದ್ರೆ 5 ಡಿಗ್ರಿ ತಿರುಗಿಸೋ ಹೊತ್ತಿಗೆ 1920ರಲ್ಲಿ ಉಳಿಯೋದು ಸುಮಾರು 1670 ಪಿಕ್ಸೆಲ್ ಅಗಲ, ಬೋಗಿ ಮೇಲಿನ ನಂಬರ್ ಓದೋಕೆ ಆಗ್ತಿದ್ದಿದ್ದು ಮಸುಕಾಗತ್ತೆ. ಅದಕ್ಕಿಂತ ಮುಖ್ಯ ಅಂಚಲ್ಲಿ ಏನಿದೆ ಅನ್ನೋದು. ಇಂಜಿನ್ನಿನ ಪ್ಯಾಂಟೋಗ್ರಾಫ್ (ಮೇಲಿನ ಕರೆಂಟ್ ತಂತಿಗೆ ತಾಗೋ ಚೌಕಟ್ಟು) ಚಿತ್ರದ ಮೇಲಂಚಿಗೆ ತಾಗಿದ್ರೆ ಮೂರು ಡಿಗ್ರಿ ತಿದ್ದೋಕೆ ಹೋಗಿ ಅದೇ ಕತ್ತರಿಸಿ ಹೋಗತ್ತೆ, ಆಗ ಸ್ವಲ್ಪ ಸೊಟ್ಟನೇ ವಾಸಿ. ಒಂದು ಡಿಗ್ರಿಗಿಂತ ಕಮ್ಮಿ ಇದ್ರೆ ನಾನು ಮುಟ್ಟೋದೇ ಇಲ್ಲ, ಸಮುದ್ರದ ಅಂಚು ಕಾಣೋ ಶಾಟ್ ಬಿಟ್ಟು.

ಈಗ ಆಪ್‌ಗಳ ಕಡೆ

ಒಂದೇ ಅಳತೆಗೆ ವಾಲಿರೋ ಕ್ಲಿಪ್, ವಾಟ್ಸಾಪಲ್ಲಿ ಮನೆಯವರಿಗೆ ಕಳಿಸೋಕೆ ಅಷ್ಟೇ, ಅಂತಾದ್ರೆ ಹೊಸದೇನೂ ಹಾಕ್ಕೋಬೇಡಿ. ಐಫೋನಲ್ಲಿ 2019ರ ಐಒಎಸ್ 13ರಿಂದ ಫೋಟೋಸ್ ಆಪಲ್ಲೇ ವಿಡಿಯೋನ ಸ್ವಲ್ಪ ಸ್ವಲ್ಪವೇ ತಿರುಗಿಸೋ ಪಟ್ಟಿ ಇದೆ, ಕಂಬಗಳು ಒಳಮುಖ ವಾಲಿದ್ದನ್ನ ತಿದ್ದೋ ಪರ್ಸ್‌ಪೆಕ್ಟಿವ್ ಪಟ್ಟಿನೂ ಪಕ್ಕದಲ್ಲೇ ಇದೆ, ಇಷ್ಟ ಆಗದಿದ್ರೆ ಯಾವಾಗ ಬೇಕಾದ್ರೂ ಹಳೇದಕ್ಕೆ ವಾಪಸ್ ಹೋಗಬಹುದು. ಆಂಡ್ರಾಯ್ಡ್‌ನೋರಿಗೆ ಗೂಗಲ್ ಫೋಟೋಸ್‌ನ ಕ್ರಾಪ್ ಇದೆ, ಅದು ಕಾಪಿ ಮಾಡಿ ಸೇವ್ ಮಾಡತ್ತೆ, ಒರಿಜಿನಲ್ ಹಾಗೇ ಉಳಿಯತ್ತೆ. ಎರಡರಲ್ಲೂ ಝೂಮ್ ತಾನಾಗೇ ಆಗತ್ತೆ, ಕಪ್ಪು ಮೂಲೆಯ ರಗಳೆ ಇಲ್ಲ. ಎರಡರಲ್ಲೂ ಇರೋ ಕೊರತೆ ಒಂದೇ, ಇಡೀ ಕ್ಲಿಪ್ಪಿಗೆ ಒಂದೇ ಕೋನ, ಮಧ್ಯದಲ್ಲಿ ಬದಲಾಯಿಸೋಕೆ ಆಗಲ್ಲ. ಮ್ಯಾಕ್ ಇರೋರು ಐಮೂವಿ ಅಂತ ಓಡ್ತಾರೆ, ಅದ್ರಲ್ಲಿ ತಿರುಗೋದು 90 ಡಿಗ್ರಿ ಹೆಜ್ಜೆಯಲ್ಲಿ ಮಾತ್ರ, ನಮ್ಮ ಎರಡು ಮೂರು ಡಿಗ್ರಿಗೆ ಉಪಯೋಗ ಇಲ್ಲ.

ಫೋನಲ್ಲೇ ನಾಲ್ಕಾರು ಕ್ಲಿಪ್ ಸೇರಿಸಿ ಹಾಡು ಹಾಕೋ ಆಸೆ ಇದ್ರೆ ಇನ್‌ಶಾಟ್, ವಿಎನ್, ಕೈನ್‌ಮಾಸ್ಟರ್ ಇದ್ದಾವೆ (ಕ್ಯಾಪ್‌ಕಟ್ ಇಲ್ಲಿ ಬ್ಯಾನ್). ತಿರುಗಿಸೋದು ಎರಡು ಬೆರಳಲ್ಲಿ, ಅಲ್ಲೇ ತಾಪತ್ರಯ, ಅರ್ಧ ಡಿಗ್ರಿ ಹೊಂದಿಸೋಕೆ ಹೋದ್ರೆ ಎರಡು ಡಿಗ್ರಿ ಜಾರತ್ತೆ, ಬೆರಳು ಎತ್ತೋವಾಗ ಇನ್ನೊಂಚೂರು. ವಿಎನ್ ಮತ್ತೆ ಕೈನ್‌ಮಾಸ್ಟರಲ್ಲಿ ಕೀಫ್ರೇಮ್ ಇದೆ, ಅಂದ್ರೆ ಇಲ್ಲಿ ಇಷ್ಟು ಡಿಗ್ರಿ, ಅಲ್ಲಿ ಅಷ್ಟು ಡಿಗ್ರಿ ಅಂತ ಗುರುತು ಹಾಕಿದ್ರೆ ಮಧ್ಯದ್ದನ್ನ ಅದೇ ತುಂಬ್ಕೊಳ್ಳತ್ತೆ. ಆದ್ರೆ ಆರಿಂಚ್ ಸ್ಕ್ರೀನಲ್ಲಿ ಕಂಬ ನೆಟ್ಟಗಿದ್ಯಾ ಇಲ್ವಾ ಅಂತ ಕಣ್ಣು ಕಿರಿದು ಮಾಡ್ಕೊಂಡು ನೋಡೋ ಕೆಲಸ ನನಗಂತೂ ಬೇಡ.

ಅದಕ್ಕೇ ಬದಲಾಗೋ ಸೊಟ್ಟಕ್ಕೆ ಲ್ಯಾಪ್‌ಟಾಪ್. ಇಲ್ಲಿ ನನ್ನ ವೋಟು ಶಾಟ್‌ಕಟ್‌ಗೆ. ಫ್ರೀ, ಓಪನ್ ಸೋರ್ಸ್, ವಾಟರ್‌ಮಾರ್ಕ್ ಇಲ್ಲ, ನಮ್ಮ ಭಾವನ ಹತ್ರ ಇರೋ ಗ್ರಾಫಿಕ್ಸ್ ಕಾರ್ಡಿಲ್ಲದ ಆಫೀಸ್ ಲ್ಯಾಪ್‌ಟಾಪಲ್ಲೂ ಓಡತ್ತೆ, ಫೈಲ್ ಭಾರ ಆದ್ರೆ ಪ್ರಾಕ್ಸಿ, ಅಂದ್ರೆ ಎಡಿಟ್ ಮಾಡೋವಾಗ ಮಾತ್ರ ಬಳಸೋ ಹಗುರ ಕಾಪಿ, ಆನ್ ಮಾಡ್ಕೊಳ್ಳಬಹುದು. ಸೈಜ್, ಪೊಸಿಷನ್, ರೊಟೇಟ್ ಮೂರೂ ಒಂದೇ ಫಿಲ್ಟರಲ್ಲಿ ಸಿಗ್ತವೆ, ಕೋನನ ಅಂಕಿಯಲ್ಲಿ ಬರೀಬಹುದು. ಕೆಡೆನ್‌ಲೈವ್ ಕೂಡ ಸುಮಾರು ಇದೇ ಜಾತಿ, ಲಿನಕ್ಸ್ ಅಭ್ಯಾಸ ಇರೋರು ಅದನ್ನೇ ಹಿಡೀರಿ.

ಒಂದು ಕ್ಲಿಪ್ ತಗೊಂಡು ತೋರಿಸ್ತೀನಿ. ಲೋಣಾವಳ ಸ್ಟೇಷನ್, ಪುಣೆ ಕಡೆಯಿಂದ ಬೆಳಗಿನ ಡೆಕ್ಕನ್ ಕ್ವೀನ್ ಬರ್ತಾ ಇದೆ (1930ರಿಂದ ಓಡ್ತಿರೋ ಗಾಡಿ, 2022ರಲ್ಲಿ ಹೊಸ ಎಲ್‌ಎಚ್‌ಬಿ ಮಾದರಿಯ ಬೋಗಿ ಬಂದ್ವು). ಇಂಜಿನ್ ದೂರದಲ್ಲಿ ಕಾಣೋವಾಗ ಎಡಗಡೆ ಶೆಡ್ಡಿನ ಕಂಬ ಹೆಚ್ಚುಕಮ್ಮಿ ನೆಟ್ಟಗಿದೆ. ಇಂಜಿನ್ ಮುಂದೆ ಬಂದಾಗ ಎರಡು ಡಿಗ್ರಿ, ಕೊನೇ ಬೋಗಿ ನಿಲ್ಲೋವಾಗ ನಾಲ್ಕು. ಮೂರು ಕೀಫ್ರೇಮ್ ಸಾಕು: ಶುರುವಲ್ಲಿ 0, ಮಧ್ಯದಲ್ಲಿ ಉಲ್ಟಾ ದಿಕ್ಕಿಗೆ 2, ಕೊನೆಗೆ 4. ಝೂಮನ್ನ ಮಾತ್ರ ಕೋನದ ಜೊತೆ ಬದಲಾಯಿಸ್ಬೇಡಿ. ನಾಲ್ಕು ಡಿಗ್ರಿಗೆ ಬೇಕಾಗೋದು 112 ಪರ್ಸೆಂಟ್ ಚಿಲ್ಲರೆ, ಶುರುವಿಂದಲೇ 113 ಅಂತ ಇಟ್ಟು ಹಾಗೇ ಬಿಡಿ, ಇಲ್ಲಾಂದ್ರೆ ನಿಂತ ಪ್ಲಾಟ್‌ಫಾರ್ಮು ಉಸಿರಾಡಿದ ಹಾಗೆ ಮೆಲ್ಲಗೆ ಊದ್ತಾ ಕಾಣತ್ತೆ, ಸೊಟ್ಟಕ್ಕಿಂತ ಅದೇ ಅಸಹ್ಯ. ಕೀಫ್ರೇಮ್ ಸೆಕೆಂಡಿಗೊಂದು ಹಾಕೋ ಚಪಲನೂ ಬೇಡ, ಜಾಸ್ತಿ ಹಾಕಿದಷ್ಟೂ ಚಿತ್ರ ದೋಣಿಯಲ್ಲಿ ಕೂತಂಗೆ ತೂಗಾಡತ್ತೆ.

ಡಾವಿಂಚಿ ರಿಸಾಲ್ವ್‌ನ ಫ್ರೀ ವರ್ಶನ್ ಇವೆಲ್ಲಕ್ಕಿಂತ ದೊಡ್ಡದು, ಕಲರ್ ತಿದ್ದೋಕೆ ಅದಕ್ಕೆ ಸಾಟಿ ಇಲ್ಲ, ಆದ್ರೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಇಲ್ದಿದ್ರೆ ತೆವಳತ್ತೆ, ಲಿನಕ್ಸ್‌ನ ಫ್ರೀ ವರ್ಶನಲ್ಲಿ ಫೋನಿನ ಎಚ್.264 (ಮಾಮೂಲಿ ವಿಡಿಯೋ ಕಂಪ್ರೆಶನ್) ಫೈಲೇ ತೆಗ್ಯಲ್ಲ. ಅದ್ರಲ್ಲಿ ಚಿತ್ರದ ಅಲುಗಾಟ ತಗ್ಗಿಸೋ ಸ್ಟೆಬಿಲೈಸರ್ ಕೂಡ ಇದೆ, ಪರ್ಸ್‌ಪೆಕ್ಟಿವ್, ಸಿಮಿಲಾರಿಟಿ, ಟ್ರಾನ್ಸ್‌ಲೇಶನ್ ಅಂತ ಮೂರು ಬಗೆ. ಕೈ ಅಲುಗಾಟದ ಜೊತೆ ಚಿತ್ರ ತಿರುಗೋದೂ ಸರಿ ಆಗ್ಬೇಕು ಅಂದ್ರೆ ಸಿಮಿಲಾರಿಟಿ ಆರಿಸಿ, ಟ್ರಾನ್ಸ್‌ಲೇಶನ್ ಬರೀ ಮೇಲೆ ಕೆಳಗೆ, ಆಚೆ ಈಚೆ ಅಷ್ಟೇ ನೋಡತ್ತೆ.

ಸ್ಟೆಬಿಲೈಸರ್‌ಗಳ ಬಗ್ಗೆ ಟ್ರೇನ್ ವಿಡಿಯೋದೋರಿಗೆ ಬೇರೆಯಾಗೇ ಒಂದು ಮಾತು ಹೇಳ್ಬೇಕು. ಅವು ಚಿತ್ರದಲ್ಲಿ ಜಾಸ್ತಿ ಜಾಗ ತುಂಬಿರೋದನ್ನೇ ಲೋಕ ಅನ್ಕೊಳ್ತವೆ. ಪ್ಲಾಟ್‌ಫಾರ್ಮಲ್ಲಿ ನಿಂತ ನಿಮ್ಮ ಮುಂದೆ ಬೋಗಿಗಳು ಚಿತ್ರದ ಮುಕ್ಕಾಲು ಭಾಗ ತುಂಬ್ಕೊಂಡು ಹೋಗ್ತಿದ್ರೆ ಸ್ಟೆಬಿಲೈಸರ್ ಟ್ರೇನನ್ನ ಹಿಡ್ಕೊಂಡು ನಿಲ್ಲಿಸೋಕೆ ನೋಡತ್ತೆ, ಪ್ಲಾಟ್‌ಫಾರ್ಮು ಅದರ ಮೇಲಿನ ಪೋರ್ಟರು ಎಲ್ಲಾ ಎಳ್ಕೊಂಡು ಹೋದಂಗೆ ಜರುಗ್ತಾರೆ. ಆಫ್ಟರ್ ಎಫೆಕ್ಟ್ಸ್‌ನ ವಾರ್ಪ್ ಸ್ಟೆಬಿಲೈಸರಲ್ಲಿ ಟ್ರೇನ್ ಮೇಲಿನ ಟ್ರ್ಯಾಕ್ ಪಾಯಿಂಟುಗಳನ್ನ ಅಳಿಸಿ ಇದನ್ನ ತಪ್ಪಿಸಬಹುದು, ಆದ್ರೆ ಮನೆ ವಿಡಿಯೋಗೆ ತಿಂಗಳು ತಿಂಗಳು ಚಂದಾ ಕಟ್ಟೋದು ನನ್ನ ಲೆಕ್ಕದಲ್ಲಿ ದಂಡ. ಇಂಥ ಶಾಟಿಗೆ ಕೈಯಾರೆ ಕೀಫ್ರೇಮೇ ಸರಿ.

ಗೋಪ್ರೋ, ಇನ್‌ಸ್ಟಾ360 ತರದ ಕ್ಯಾಮೆರಾ ಇರೋರ ಕಥೆ ಬೇರೆ. ಕ್ಯಾಮೆರಾ ಎಷ್ಟು ತಿರುಗಿತು ಅನ್ನೋ ಗೈರೋ ಲೆಕ್ಕ ಅದರ ಫೈಲಲ್ಲೇ ಕೂತಿರತ್ತೆ, ಗೈರೋಫ್ಲೋ ಅನ್ನೋ ಫ್ರೀ ಸಾಫ್ಟ್‌ವೇರ್ ಅದನ್ನ ಓದಿ ಹರೈಸನ್ ಲಾಕ್ ಮಾಡತ್ತೆ, ಅಂದ್ರೆ ಕ್ಯಾಮೆರಾ ವಾಲಿದ್ರೂ ಚಿತ್ರನ ಸಮವಾಗೇ ಇಡತ್ತೆ, ಚಿತ್ರದಲ್ಲಿ ಟ್ರೇನ್ ಇದ್ಯೋ ಎಮ್ಮೆ ಇದ್ಯೋ ಅದಕ್ಕೆ ಬೇಕಾಗಿಲ್ಲ, ಹಾಗಾಗಿ ಮೇಲೆ ಹೇಳಿದ ಗೊಂದಲನೂ ಇಲ್ಲ. ಪ್ಲಾಟ್‌ಫಾರ್ಮಲ್ಲಿ, ಬೆಟ್ಟದ ಮೇಲೆ ನಿಂತು ತೆಗೆದಿದ್ದಕ್ಕೆ ಇದಕ್ಕಿಂತ ಒಳ್ಳೇದು ಸಿಗಲ್ಲ. ಆದ್ರೆ ಬೋಗಿಯೊಳಗಿಂದ ತೆಗೆದಿದ್ರೆ, ಉದ್ದನೆ ತಿರುವಲ್ಲಿ ಕ್ಯಾಮೆರಾಗೂ ಫೋನಿನ ಲೆವೆಲ್ ಗೆರೆಗೆ ಆದ ಮೋಸನೇ ಆಗಬಹುದು, ಕೆಳಗಡೆ ಯಾವ ಕಡೆ ಅಂತ ಅದು ತಿಳ್ಕೊಳ್ಳೋದೂ ಅದೇ ಭಾರದಿಂದ ತಾನೇ. ಕಂಬ ಬಾಗೋದನ್ನೂ ಅದು ತಿದ್ದಲ್ಲ, ಕೈ ತಿರುಗಿದ್ದರಿಂದ ಆದ ರೋಲಿಂಗ್ ಶಟರ್ ಸರಿ ಮಾಡತ್ತೆ, ಟ್ರೇನ್ ಓಡಿದ್ದರಿಂದ ಆಗಿದ್ದು ಗೈರೋಗೆ ಗೊತ್ತೇ ಆಗಲ್ಲ.

ಹಳೇ ಕ್ಯಾಸೆಟ್ ಇದ್ರೆ

ಕೊಂಕಣ ರೈಲ್ವೆ 1998ರ ಜನವರಿಯಲ್ಲಿ ಪೂರ್ತಿ ಶುರುವಾದ ಹೊಸದ್ರಲ್ಲಿ ಊರಿಗೆ ಹೋಗ್ತಾ ಹ್ಯಾಂಡಿಕ್ಯಾಮಲ್ಲಿ ತೆಗೆದ ಟೇಪು ಕೆಲವರ ಮನೆ ಅಟ್ಟದಲ್ಲಿ ಇನ್ನೂ ಇದ್ದಾವು. ಅದನ್ನ ಕಂಪ್ಯೂಟರಿಗೆ ಹಾಕಿಸಿದ್ರೆ ಸಿಗೋದು 720 ಬೈ 576ರ ಚಿತ್ರ, ಪ್ರತಿ ಫ್ರೇಮೂ ಎರಡು ಬೇರೆ ಬೇರೆ ಕ್ಷಣದ ಗೆರೆಗಳನ್ನ ಹೆಣೆದಿದ್ದು. ಮೊದಲು ಡಿಇಂಟರ್‌ಲೇಸ್ ಮಾಡಿ (ಹೆಣೆದ ಗೆರೆಗಳನ್ನ ಬಿಡಿಸೋ ಕೆಲಸ), ಆಮೇಲೆ ತಿರುಗಿಸಿ. ಉಲ್ಟಾ ಮಾಡಿದ್ರೆ ಆ ಗೆರೆಗಳು ಓರೆ ಆಗಿ ಓಡೋ ಇಂಜಿನ್ನಿನ ಅಂಚೆಲ್ಲಾ ಬಾಚಣಿಗೆ ಹಲ್ಲು ಬಂದಂಗೆ ಆಗತ್ತೆ, ಆಮೇಲೆ ಅದನ್ನ ಬಿಡಿಸೋಕೆ ಯಾರ ಕೈಲೂ ಆಗಲ್ಲ. ಇದರ ಪಿಕ್ಸೆಲ್ ಕೂಡ ಚೌಕ ಅಲ್ಲ, ಅದಕ್ಕೆ ಪ್ರಾಜೆಕ್ಟ್ ಸೆಟ್ಟಿಂಗಲ್ಲಿ 4:3 ಸರಿಯಾಗಿ ಹಾಕಿ, ಇಲ್ಲಾಂದ್ರೆ ತಿರುಗಿಸಿದಾಗ ಬೋಗಿ ಜಜ್ಜಿದಂಗೆ ಓರೆ ಆಗತ್ತೆ. 4:3 ಆಗಿರೋದ್ರಿಂದ ಒಂದು ಅನುಕೂಲ, ಮೂರು ಡಿಗ್ರಿಗೆ ಝೂಮ್ ಏಳು ಪರ್ಸೆಂಟೇ ಸಾಕು. ಆದ್ರೂ ಇಷ್ಟು ಚಿಕ್ಕ ಚಿತ್ರದಲ್ಲಿ ಏಳೂ ದುಬಾರಿನೇ, ಅಜ್ಜಿ ಮುಖ ಅಂಚಲ್ಲಿದ್ರೆ ಝೂಮ್ ಬಿಟ್ಟು ಕಪ್ಪು ಮೂಲೆ ಹಾಗೇ ಉಳಿಸಿ.

ಕೊನೇದಾಗಿ, ತಿರುಗಿಸೋದು ಎಲ್ಲಾದ್ರೂ ಒಂದೇ ಕಡೆ, ಒಂದೇ ಸಲ. ಫೋನಲ್ಲಿ ಎರಡು ಡಿಗ್ರಿ ತಿರುಗಿಸಿ ಸೇವ್ ಮಾಡಿ, ಆ ಕಾಪಿನ ಲ್ಯಾಪ್‌ಟಾಪಿಗೆ ಹಾಕಿ ಇನ್ನೊಂದು ಡಿಗ್ರಿ ಅಂದ್ರೆ ಎರಡು ಸಲ ಚಿತ್ರ ಮಸುಕು, ಎರಡು ಸಲ ಕಂಪ್ರೆಸ್. ವಾಟ್ಸಾಪಲ್ಲಿ ಬಂದ ಫೈಲಂತೂ ಮೊದಲೇ ಹಿಂಡಿ ಹಿಪ್ಪೆ ಆಗಿರತ್ತೆ, ತೆಗೆದವರಿಗೆ ಫೋನ್ ಮಾಡಿ ಒರಿಜಿನಲ್ ಫೈಲನ್ನ ಡಾಕ್ಯುಮೆಂಟ್ ಅಂತ ಕಳಿಸೋಕೆ ಹೇಳಿ, ಆಮೇಲೆ ಎಡಿಟಿಂಗಿಗೆ ಕೂರಿ.